ಪತ್ರಾದ ಖೋಲಿಗಿ ಎರಡು ಬೆಲ್

ಸಂತಪೂರ ಹೊಲ, ತಾ. ಔರಾದ
೧೪ ಆಗಸ್ಟ್ ೨೦೨೩

ಪ್ರಯಾಣಿಕರ ಗಮನಕ್ಕೆ!

ಭಾಲ್ಕಿ ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಆಯುಷ್ಯ ಸವೆಸಿ, ಗಂಟಲನ್ನು ಇಲಾಖೆಗೂ ಕಿವಿಯನ್ನು ಬಸ್ಸಿನ ಹಾರ್ನಿಗೂ ಅರ್ಪಿಸಿ ನಿವೃತ್ತನಾದ ಕಂಟ್ರೋಲರ್ ಮಡೆಪ್ಪನು, ಸದ್ಯ ಬೀದರ ನಗರದ ನೌಬಾದಿನಲ್ಲಿ ಮಗಳು ಮೇಘಾಳ ಮನೆಯಲ್ಲಿ ಬಿಜಯಮಾಡಿರುವ ಧರ್ಮಪತ್ನಿ ಶ್ರೀಮತಿ ಹೀರಾಬಾಯಿಯವರಿಗೆ ತಿಳಿಯಪಡಿಸುವುದೇನೆಂದರೆ: ನಮ್ಮ ಹೊಲದ ಖೋಲಿಯ ಮೇಲೆ ಇಂದು ಬೆಳಿಗ್ಗೆ ಪತ್ರಾ ಏರಿತು.

ಪತ್ರಾ ಅಂದ್ರ ತಗಡು, ಹೀರಾ. ಪತ್ರ ಅಂದ್ರ ಈಗ ನಿನ್ನ ಕೈಯಾಗ ಇರೂದು. ಮೊದಲಿಂದು ಮಳಿ ತಡೀತದ, ಎರಡನೇದು ನಮ್ಮ ಫೋನಿನ ಜಗಳ ತಡೀತದ. ಮೊನ್ನಿ ಫೋನಿನಾಗ ನೀ "ಬಗಲಾಗಿನ ಗಂಟು ತಗದಾರ" ಅಂದಿ. ನನಗ "ಗಂಟಿ ಹೊಡದಾರ" ಅಂತ ಕೇಳಿಸ್ತು. "ಹಂಗಾರ ಸಾಲಿ ಬಿಟ್ಟಿತೇನು?" ಅಂತ ಕೇಳಿದೆ. ಮೇಘಾ ಫೋನ್ ಕಸಗೊಂಡು "ಅಪ್ಪಾ, ನಿಮಗ ಕೈ ಮುಗೀತೇನಿ, ಇನ್ನ ಮ್ಯಾಲ ಬರ್ದು ಕಳಸ್ರಿ" ಅಂತ ಒದರಿದ್ದು ಮಾತ್ರ ಬರಾಬರ್ ಕೇಳಿಸ್ತು. ಅದಕ್ಕ ಔರಾದ ಬಸ್ಸಿನ ಕಂಡಕ್ಟರ್, ನಮ್ಮ ಹಳೇ ದೋಸ್ತ ಕುತುಬೋದ್ದೀನನ ಚೀಲದಾಗ ಇದನ್ನ ಇಟ್ಟೇನಿ. ಟಿಕೆಟ್ ಕೇಳಿದ್ರ ನೀನೇ ಕೊಡು.

ನನ್ನ ಅಲ್ಲಿಂದ ಓಡಿಸಿದಾಕಿ ನೀನು. "ದವಾಖಾನ್ಯಾಗ ಕೂತು ಏನ್ ಮಾಡ್ತೀರಿ? ಡಾಕ್ಟರ್ ಒಂದಂದ್ರ ನೀವೊಂದು ಉತ್ರಾ ಕೊಡ್ತೀರಿ. ಹೋಗಿ ಖೋಲಿ ಮುಗಸ್ರಿ. ಈ ಸಲದ ಎಳ್ಳಮಾಸಿ ಹಬ್ಬದ ಭಜ್ಜಿ ನಮ್ಮ ಖೋಲ್ಯಾಗೇ ಆಗಬೇಕು" ಅಂದಿ. ಹೊಲಿಗಿ ಬಿಚ್ಚೂ ತನಕ ಮಗಳ ಮನ್ಯಾಗ ರಾಣಿ ಹಂಗ ಇರು. ಇಲ್ಲಿ ಹೊರಗಿಂದೆಲ್ಲಾ ಮುಗದದ, ಒಳಗಿಂದೆಲ್ಲಾ ನಿನ್ನ ಹುಕುಂ ಕಾಯ್ತದ. ನೀ ಬೀದರಕ್ಕ ಹೋಗೂ ಮುಂಚಿ ಗ್ವಾಡಿಗಿ ನಿಲ್ಲಿಸಿ ಇದ್ದಿಲಲೇ ಎರಡು ಗೀಟು ಎಳದಿದ್ದೆನಲ್ಲ, ನೀ ಕೈ ಎತ್ತಿದ್ರ ನಿಲುಕೂವಷ್ಟಕ್ಕ ಒಂದು, ನಡಮಟ್ಟಕ್ಕ ಒಂದು, ಎರಡೂ ಹಂಗೇ ಅವ. ಮ್ಯಾಲಿನ ಗೀಟಿಗಿ ಡಬ್ಬಿ ಇಡೂ ಫಳಿ. ಕೆಳಗಿನ ಗೀಟಿಗಿ ಅಡಗಿ ಕಟ್ಟಿ. ಭಾಲ್ಕ್ಯಾಗ ಎಷ್ಟು ಬಾಡಗಿ ಮನಿ ಬದಲಾದ್ರೂ ಒಲಿ ನೆಲ ಬಿಟ್ಟು ಏಳಲಿಲ್ಲ. ಬಂಗಾರ ಕೇಳಲಿಲ್ಲ, ರೇಷ್ಮಿ ಕೇಳಲಿಲ್ಲ, ಲಗ್ನಾದಾಗಿಂದ ನೀ ಕೇಳಿದ್ದು ಒಂದೇ: ನಿಂತು ಅಡಗಿ ಮಾಡೂ ಕಟ್ಟಿ. ಅದು ಈಗ ಆಗ್ತದ.

ಗೌಂಡಿ ಅಮೀರ ಪಾಶಾ ಕರಣಿ ಹಿಡಕೊಂಡು ನಿಂತಾನ. ನಮ್ಮ ಮನಿ ಕಾಯ್ದೆ ಗೊತ್ತೇ ಅದ: ಒಂದು ಬೆಲ್ ಅಂದ್ರ ನಿಲ್ಲು, ಎರಡು ಬೆಲ್ ಅಂದ್ರ ರೈಟ್, ಗಾಡಿ ಹೊಂಡ್ಲಿ. ಊಟಕ್ಕ ಕೂತಾಗ ನೀ ತಾಟಿಗಿ ಚಮಚಾ ಒಂದು ಸಲ ಬಡದು ನನ್ನ ಎಷ್ಟು ಭಾಷಣ ನಿಲ್ಲಿಸೀದಿ, ಎರಡು ಸಲ ಬಡದು ಎಷ್ಟು ಸಲ ಮುಂದಕ್ಕ ಬಿಟ್ಟಿ, ಲೆಕ್ಕಾ ಇಲ್ಲ. ಈಗ ಪತ್ರದಾಗ ಬಡಿ.

ಆಜ್ಞಾಧಾರಕ,
ಮಡೆಪ್ಪ, ಕಂಟ್ರೋಲರ್ (ನಿ.)


ನೌಬಾದ, ಬೀದರ
೨೪ ಆಗಸ್ಟ್ ೨೦೨೩

ಮೇಘಾನ ಅಪ್ಪಾರಿಗಿ,

ನಾ ಆರಾಮ ಇದ್ದೀನಿ. ಹೊಲಿಗಿ ಬಿಚ್ಚ್ಯಾರ. ಇನ್ನ ಜರಾ ದವಾಯಿ ಕೊಡೂದದ ಅಂತ ಸಲಾಯಿನ್ ಹಚ್ಚಾಕ ಕರೀತಾರ, ಅದಕ್ಕ ಉಳದೀನಿ. ಫಿಕರ್ ಮಾಡಬ್ಯಾಡ್ರಿ. ನಿಮ್ಮ ಪತ್ರ ಮೇಘಾ ಓದಿ ನಕ್ಕಳು, ಅಳಿಯ ಓದಿ ನಕ್ಕ, ಬಾಜೂ ಮನಿ ಮುಸರ್ರತಬಾಯಿಗೂ ಓದಿ ಹೇಳ್ಯಾರ. ಇನ್ನ ಮ್ಯಾಲ ಜರಾ ಸಂಭಾಳಿಸಿ ಬರೀರಿ, ನಮ್ಮ ಮನಿ ಮಾತು ನೌಬಾದ ತುಂಬ ಆಗ್ಯದ.

ಫಳಿ ಆ ಗೀಟಿಗಿ ಬ್ಯಾಡ್ರಿ. ವಯಸ್ಸಾದ ಮ್ಯಾಲ ಕೈ ಎತ್ತಿ ಸಾಮಾನು ತಗೀಬಾರ್ದು, ನೆತ್ತಿ ಮ್ಯಾಲ ಡಬ್ಬಿ ಬೀಳ್ತಾವ ಅಂತ ಟಿವ್ಯಾಗ ಹೇಳ್ಯಾರ. ಇದರ ಜೋಡಿ ಸುತಳಿ ಇಟ್ಟೀನಿ. ನೆಲದಿಂದ ಹಿಡೀರಿ, ಸುತಳಿ ಮುಗದಲ್ಲಿಗಿ ಫಳಿ. ಗೇಣಿನ ಲೆಕ್ಕ ಹೇಳಿದ್ರ ನೀವು ನಿಮ್ಮ ಗೇಣು ಹಚ್ತೀರಿ, ಅಮೀರ ಪಾಶಾ ಅವನ ಗೇಣು ಹಚ್ತಾನ, ಕಡೀಕ ಫಳಿ ನಿಮ್ಮಿಬ್ಬರಿಗೂ ಇಲ್ಲ, ನನಗೂ ಇಲ್ಲ.

ಫಳಿಗಿ ಒಂದು ಬೆಲ್. ಅಡಗಿ ಕಟ್ಟಿಗಿ ಎರಡು. ಕಟ್ಟಿ ಮ್ಯಾಲಿನ ಫರಸಿ ಕಲ್ಲು ಕರೇದು ಇರಲಿ, ಹಿಟ್ಟು ಬಿದ್ದದ್ದು ಕಾಣಸ್ತದ.

ಹೊತ್ತಿಗಿ ಉಣ್ರಿ. ಬರೇ ಚಹಾದ ಮ್ಯಾಲ ಇರಬ್ಯಾಡ್ರಿ.

ಹೀರಾಬಾಯಿ


ಸಂತಪೂರ ಹೊಲ
೬ ಸೆಪ್ಟೆಂಬರ್ ೨೦೨೩

ಶ್ರೀಮತಿ ಹೀರಾಬಾಯಿಯವರ ದಿವ್ಯ ಸನ್ನಿಧಿಗೆ,

ತಮ್ಮ ಸುತಳಿ ತಲುಪಿತು. ಅದನ್ನು ಗ್ವಾಡಿಗೆ ಹಿಡಿದು ನೋಡಿದಾಗ ಅದು ತಮ್ಮ ಹೆಗಲಿನ ಮಟ್ಟಕ್ಕೆ ಮುಗಿದದ್ದನ್ನು ಕಂಡು ಗೌಂಡಿ ಅಮೀರ ಪಾಶಾರು ಬೀಡಿ ಆರಿಸಿ, "ಮಾಮಾ, ಮಾಮಿ ಬೀದರದಾಗ ಗಿಡ್ಡ ಆಗ್ಯಾರೇನು?" ಎಂದು ಆತಂಕ ವ್ಯಕ್ತಪಡಿಸಿದರು. ಬೀದರದ ನೀರು ಬಟ್ಟಿ ಕುಗ್ಗಸ್ತದ, ಮನಿಶ್ಯಾರನ್ನೂ ಕುಗ್ಗಸ್ತದೇನೋ ಎಂದು ಉತ್ತರಿಸಲಾಗಿದೆ.

ಫಳಿ ಇಳಿಸೇವಿ. ಅಡಗಿ ಕಟ್ಟಿ ಮುಗದದ, ಹೀರಾ! ಕರೇ ಫರಸಿ, ಕನ್ನಡಿ ಹಂಗ ಉಜ್ಜೇನಿ, ಅದರಾಗ ಮಾರಿ ನೋಡಿ ದಾಡಿ ಮಾಡ್ಕೋತೇನಿ. ನಿನ್ನೆ ಅದರ ಮುಂದ ನಿಂತು ಉಪ್ಪಿಟ್ಟು ಮಾಡ್ದೆ. ಉಪ್ಪಿಟ್ಟಿನ ಬಗ್ಗಿ ಏನೂ ಕೇಳಬ್ಯಾಡ. ಖರೇ ಬೆನ್ನು ಬಾಗದಂಗ ಅಡಗಿ ಮಾಡೂದು ಅಂದ್ರ ಏನಂತ ಈಗ ತಿಳೀತು. ನೀ ಇಷ್ಟು ವರ್ಷ ಯಾಕ ಕೇಳ್ತಿದ್ದಿ ಅನ್ನೂದೂ ತಿಳೀತು. ಜಲ್ದಿ ಬಾ. ಮೊದಲ ರೊಟ್ಟಿ ನೀ ನಿಂತು ಬಡದ ಸಪ್ಪಳ ನನಗೂ ಕೇಳಸಬೇಕು. ಕರೇ ಫರಸಿ ಮ್ಯಾಲ ಬಡದ್ರ ಕಿವುಡಗೂ ಕೇಳಸ್ತದ.

ಇನ್ನ ಗಾಳಿ-ಬೆಳಕಿನ ಖಿಡಕಿ ಎಲ್ಲಿ, ಎಷ್ಟು ಎತ್ತರ, ಹೇಳು.

ಕಂಟ್ರೋಲರ್


ನೌಬಾದ
೨೧ ಸೆಪ್ಟೆಂಬರ್ ೨೦೨೩

ಮೇಘಾನ ಅಪ್ಪಾರಿಗಿ,

ಬರಿಯಾಕ ತಡಾ ಆಯ್ತು, ಸಿಟ್ಟಿಗೇಳಬ್ಯಾಡ್ರಿ. ಸಲಾಯಿನ್ ಹಚ್ಚಿದ ಮ್ಯಾಲ ಎರಡು ದಿನ ಅನ್ನ ರುಚಿ ಹತ್ತಂಗಿಲ್ಲ, ಮುಂದ ಸರಿ ಆಗ್ತದ. ಬೀದರದಾಗ ಸೆಕಿ ಭಾಳ ಅಂತ ಮೇಘಾ ನನ್ನ ಕೂದಲಾ ಕತ್ತರಿಸ್ಯಾಳ. ನೀವು ನೋಡಿದ್ರ ನಗ್ತೀರಿ. ಎಣ್ಣಿ ಖರ್ಚು ಉಳೀತು.

ನಾ ಒಂದು ಮಾತು ಹೇಳ್ತೀನಿ, ಒದರಬ್ಯಾಡ್ರಿ. ಅಡಗಿ ಕಟ್ಟಿ ಕೆಳಗ ಮಾಡಸ್ರಿ. ಕೂತು ಮಾಡೂವಷ್ಟು. ಸುತಳಿ ಇಟ್ಟೀನಿ. ಕೂತು ಬಡದ ರೊಟ್ಟಿ ತಿಳ್ಳಗ ಆಗ್ತಾವ, ನಿಂತು ಬಡದ್ರ ಆಗಂಗಿಲ್ಲ ಅಂತ ಮುಸರ್ರತಬಾಯಿ ಅಂತಾಳ. ಅಕಿ ಮನ್ಯಾಗ ನಿಂತು ಮಾಡೂ ಕಟ್ಟಿ ಅದ, ಕಾಲು ಹಿಡೀತಾವಂತ.

ನೀವು ಭಾಳ ಹೌಸಿಲೇ ಮಾಡಿಸೀರಿ, ನನಗ ಗೊತ್ತದ. ಏನ್ ಮಾಡ್ಲಿ.

ಕಟ್ಟಿಗಿ ಒಂದು ಬೆಲ್.

ಹೀರಾಬಾಯಿ


ಸಂತಪೂರ ಹೊಲ
೨೬ ಸೆಪ್ಟೆಂಬರ್ ೨೦೨೩

ಹೀರಾಬಾಯಿಯವರಿಗೆ,

ಒಂದು ಬೆಲ್ ಕೇಳಿಸಿತು. ಗಾಡಿ ನಿಂತದ. ಪ್ರಯಾಣಿಕರು ಇಳಿದು ಕಂಡಕ್ಟರಿಗೆ ಬೈಯುತ್ತಿದ್ದಾರೆ.

ನೀನೇ ಹೇಳು, ಇದು ಯಾವ ನ್ಯಾಯ? ಆಯುಷ್ಯಭರ ನಿಂತು ಮಾಡೂ ಕಟ್ಟಿ ಬೇಕು, ನಿಂತು ಮಾಡೂ ಕಟ್ಟಿ ಬೇಕು ಅಂದಿ. ಮಾಡಿಸಿ ಕೊಟ್ರ ಮುಸರ್ರತಬಾಯಿ ಕಾಲು ಹಿಡೀತಾವ! ಮುಸರ್ರತಬಾಯಿ ಕಾಲಿಗಿ ನಾ ಯಾಕ ನನ್ನ ಫರಸಿ ಒಡೀಲಿ? ಅಮೀರ ಪಾಶಾ ಕರಣಿ ಚೀಲದಾಗ ಹಾಕ್ಕೊಂಡು, "ಮಾಮಿದು ಆಖರೀ ಹುಕುಂ ಬಂದ ಮ್ಯಾಲ ಕರೀರಿ" ಅಂತ ಮನಿಗಿ ಹೋದ.

ನನಗ ಎಲ್ಲಾ ತಿಳೀತದ ಹೀರಾ. ಕಿವಿ ಹೋಗ್ಯಾವ, ತಲಿ ಹೋಗಿಲ್ಲ. ಮಗಳ ಮನಿ ಫ್ಯಾನು, ಮಗಳ ಮನಿ ಟಿವಿ, ಕೂದಲಾ ಕತ್ತರಿಸ್ಕೊಂಡು ಮೇಮ್ ಸಾಹೇಬ್ ಆಗೂದು. ಬೀದರದ ಗಾಳಿ ಹತ್ತ್ಯದ ನಿನಗ. ಫಳಿ ಸರಿ ಇಲ್ಲ, ಕಟ್ಟಿ ಸರಿ ಇಲ್ಲ, ನಾಳಿಗಿ ಪತ್ರಾ ಸರಿ ಇಲ್ಲ ಅಂತಿ. ಈ ಖೋಲಿಗಿ ಬರೂ ಮನಸ್ಸಿಲ್ಲ ಅಂದ್ರ ಸೀದಾ ಹೇಳಿಬಿಡು. ಸುತಳಿ ಯಾಕ ಕಳಸ್ತಿ?

ಕಟ್ಟಿ ಒಡಿಯಂಗಿಲ್ಲ.

ಮಡೆಪ್ಪ


ಸಂತಪೂರ ಹೊಲ
೧೭ ಅಕ್ಟೋಬರ್ ೨೦೨೩

ಹೀರಾ,

ನಿನ್ನ ಉತ್ರಾ ಬರ್ಲಿಲ್ಲ. ಬಸ್ಸು ದಿನಾ ಬರ್ತದ. ನಾ ದಿನಾ ಬಸ್ ನಿಲ್ಲೂ ಫಾಟಾದ ಮ್ಯಾಲ ಹೋಗಿ ನಿಲ್ತೇನಿ. ಕುತುಬೋದ್ದೀನ ದೂರದಿಂದೇ ಕೈ ಅಲ್ಲಾಡಿಸಿ ಇಲ್ಲ ಅಂತಾನ. ಕಂಟ್ರೋಲರ್ ಇದ್ದಾಗ ಬಸ್ ಲೇಟ್ ಆಯ್ತಂದ್ರ ಮಂದಿ ನನಗ ಬೈತಿದ್ರು. ಈಗ ನಾ ಯಾರಿಗಿ ಬೈಬೇಕು ತಿಳೀಲಿಲ್ಲ.

ಮೊನ್ನಿ ಕುತುಬೋದ್ದೀನ ರಜಾ ಹಾಕಿ, ಬಸ್ಸು ಬಿಟ್ಟು, ಸುಮ್ಮನೇ ಹೊಲಕ್ಕ ಬಂದ. ಮೇಘಾನ ಮನಿಗಿ ಹೋಗಿದ್ದನಂತ. ಕೂಡು ಅಂದ್ರ ಕೂಡಲಿಲ್ಲ. ಚಹಾ ಬ್ಯಾಡಂದ. ಅಂವಾ ಚಹಾ ಬ್ಯಾಡಂದದ್ದು ಇದೇ ಮೊದಲು. ನನ್ನ ಕಿವಿ ಹತ್ರ ಬಾಯಿ ತಂದು ಏನೋ ಹೇಳಿದ. ನಾ "ಕೇಳಿಸ್ಲಿಲ್ಲ" ಅಂದೆ. ಅಂವಾ ಮತ್ತೊಮ್ಮಿ ಹೇಳ್ಲಿಲ್ಲ. ಇಬ್ಬರೂ ಜರಾ ಹೊತ್ತು ತೊಗರಿ ನೋಡಿದ್ವಿ. ಅಂವಾ ಹೋದ.

ನಾ ಸುತ್ತಿಗಿ ತಗೊಂಡೆ.

ಕಟ್ಟಿ ಒಡದೇನಿ. ಅಮೀರ ಪಾಶಾ ಬರೂ ತನಕ ಕಾಯಲಿಲ್ಲ, ನಾನೇ ಒಡದೇನಿ. ಕರೇ ಫರಸಿ ಒಂದೂ ಸೀಳಿಲ್ಲ, ಬರಾಬರ್ ತಗದು ಕೆಳಗ ಕೂಡಿಸೇವಿ. ನಿನ್ನ ಸುತಳಿ ಬರಾಬರ್ ಇತ್ತು. ನನ್ನ ತಲಿನೇ ಗೀಟು ತಪ್ಪಿತ್ತು.

ಮತ್ತ, ಬಾಗಲದ ಹೊಸ್ತಿಲಾ ತಗಿಸೇನಿ. ನನಗ ಈಚೀಗಿ ಎಡವೂ ಚಟ ಹತ್ತ್ಯದ. ಜಳಕಾ ಮಾಡೂ ನಾನಿ ಮನಿ ಗ್ವಾಡಿಗಿ ಹಿಡಕೊಳ್ಳಾಕ ಕಬ್ಬಿಣದ ಹಿಡಿಕಿ ಹಾಕಿಸೇನಿ. ಅದೂ ನನ್ನ ಸಲುವಾಗಿ. ನನಗೂ ವಯಸ್ಸಾಯ್ತು ಅಲಾ.

ಖಿಡಕಿ ಒಂದು ಉಳದದ. ಅದರ ಸುತಳಿ ಕಳಿಸು. ಎಷ್ಟೇ ಸಣ್ಣದಿರಲಿ ಕಳಿಸು, ನಾ ಏನೂ ಅನ್ನಂಗಿಲ್ಲ.

ನಿನ್ನ
ಮಡೆಪ್ಪ


ನೌಬಾದ
೨೨ ಅಕ್ಟೋಬರ್ ೨೦೨೩

ಮೇಘಾನ ಅಪ್ಪಾರಿಗಿ,

ಅಕ್ಷರ ಸೊಟ್ಟ-ವಾಂಕಡಿ ಆಗ್ಯಾವ. ಬಲಗೈ ಬಾವು ಬಂದದ, ಎಡಗೈಲೇ ಬರೀಲತೀನಿ. ಮೇಘಾ ತಾ ಬರೀತೀನಿ ಅಂದಳು, ನಾ ಕೊಡ್ಲಿಲ್ಲ.

ಹೊಸ್ತಿಲಾ ಇಲ್ಲದ ಮನಿ ಯಾವೂರಿಂದು ಹೇಳ್ರಿ? ನಾ ನಿಮ್ಮ ಮನಿಗಿ ಮೊದಲ ಸಲ ಬಂದಾಗ ಹೊಸ್ತಿಲದ ಮ್ಯಾಲಿನ ಅಕ್ಕಿ ಸೇರು ಒದ್ದೆ ಅಂದ್ರ ಅಕ್ಕಿ ನಿಮ್ಮ ಅವ್ವನ ಮಡಲಾಗ ಹೋಗಿ ಬಿದ್ದಿದ್ವು. ಈ ಸಲ ಎಲ್ಲಿ ಇಡ್ತೀರಿ ಸೇರು? ಎಲ್ಲಿ ಒದೀಲಿ?

ನೀವು ಎಡವೂ ಮನಿಶ್ಯಾ ಅಲ್ಲ. ಕತ್ತಲಾಗ ಬಸ್ ಸ್ಟ್ಯಾಂಡಿನಾಗ ಮಲಗಿದ ಮಂದಿನ ದಾಟಿ ಹೋಗ್ತಿದ್ದಿರಿ, ಒಬ್ಬರಿಗೂ ಕಾಲು ತಾಗಿಸ್ಲಿಲ್ಲ. ಕುತುಬೋದ್ದೀನ ಭಾಯಿ ಹೇಳಿದ್ದು ನಿಮಗ ಕೇಳಿಸ್ಯದ. ನಾ ಕೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ.

ಡಾಕ್ಟರು ಇನ್ನ ಸಲಾಯಿನ್ ಬ್ಯಾಡ, ಮನಿಗಿ ಕರ್ಕೊಂಡು ಹೋಗ್ರಿ ಅಂದಾರ. ಮೇಘಾ ಅಡಗಿ ಮನ್ಯಾಗ ಹೋಗಿ ಅತ್ತಳು. ನಾ ಅಂದೆ, ಅಳಬ್ಯಾಡ, ನನ್ನ ಖೋಲಿ ತಯಾರಾಗ್ಯದ.

ಬೀದರದ ಗಾಳಿ ಹತ್ತ್ಯದ ಅಂದಿರಿ. ಆ ಪತ್ರ ನಾ ಭಾಳ ಸಲ ಓದೀನಿ. ಸಿಟ್ಟು ಬರ್ಲಿಲ್ಲ. ನಾ ಬರ್ಲಿ ಅಂತ ಒಬ್ಬರು ಇಷ್ಟು ಒದರ್ಲತಾರಲ್ಲ ಅನ್ನಿಸ್ತು.

ಸುತಳಿ ಇಟ್ಟೀನಿ, ಗೇಣಿನಷ್ಟದ. ಖಿಡಕಿ ಅಂಚು ಅಷ್ಟೇ ಎತ್ತರ ಇರಲಿ. ನೆಲದಾಗ ಗಾದಿ ಮ್ಯಾಲ ಮಲಗಿದ್ರ ತೊಗರಿ ಕಾಣಬೇಕು. ಹೂ ಬಿಟ್ಟಾವೇನು?

ಎಲ್ಲಾಕ್ಕೂ ಎರಡು ಬೆಲ್.

ಹೀರಾ


ಸಂತಪೂರ ಹೊಲ
೨ ನವೆಂಬರ್ ೨೦೨೩

ಪ್ರಯಾಣಿಕರ ಗಮನಕ್ಕೆ.

ಬೀದರದಿಂದ ಜನವಾಡ ಮಾರ್ಗವಾಗಿ ಸಂತಪೂರಕ್ಕೆ ಹೋಗುವ ಜೀಪು ಬರುವ ರವಿವಾರ ಮುಂಜಾನೆ ನೌಬಾದಿನ ಮನೆ ಬಾಗಿಲಿಗೆ ಬರಲಿದೆ. ಹಿಂದಿನ ಸೀಟಿನಲ್ಲಿ ಗಾದಿ ಹಾಸಲಾಗಿದೆ. ಗಾಡಿಯು ಗುಂಡಿಗಳ ಹತ್ತಿರ ಆಮೆಯಂತೆ ನಡೆಯುವುದು. ಕಂಡಕ್ಟರ್: ಕುತುಬೋದ್ದೀನ. ಟಿಕೆಟ್ ಇರುವುದಿಲ್ಲ.

ತೊಗರಿ ಹೂ ಬಿಟ್ಟಾವ, ಹೀರಾ. ಖಿಡಕಿ ಕೂಡಿಸೇವಿ. ನಾ ಮಲಗಿ ನೋಡೇನಿ. ಹಳದಿ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ.

ಸೇರು ನೆಲದ ಮ್ಯಾಲೇ ಇಟ್ಟೇನಿ. ನೀ ಬರೇ ಕಾಲು ತಾಗಿಸು, ಚೆಲ್ಲೂದು ನಾ ನೋಡ್ಕೋತೇನಿ.

ಕಂಟ್ರೋಲರ್


ಸಂತಪೂರ ಹೊಲ
೧೧ ಜನವರಿ ೨೦೨೪, ಎಳ್ಳಮಾಸಿ

ಹೀರಾ,

ನೀ ಇಲ್ಲಿದ್ದಷ್ಟು ದಿನ ಪತ್ರ ಬರಿಯೂ ಪ್ರಸಂಗ ಬರ್ಲಿಲ್ಲ. ಈಗ ಬರದೇನಿ. ಕುತುಬೋದ್ದೀನನ ಚೀಲದಾಗ ಹಾಕಿದ್ರ ಅಂವಾ ಎಲ್ಲಿಗಿ ಒಯ್ಯಬೇಕು?

ನೀ ಹೇಳಿದಂಗ ಭಜ್ಜಿ ನಮ್ಮ ಖೋಲ್ಯಾಗೇ ಆಯ್ತು. ಸೂತಕದ ಮನ್ಯಾಗ ಹಬ್ಬಾ ಎಂಥದು ಅಂತ ನಾ ಅಂದೆ, "ಅವ್ವ ಹೇಳ್ಯಾಳ, ಆಗಲೇಬೇಕು" ಅಂತ ಮೇಘಾ ಬಂದು ಕರೇ ಫರಸಿ ಮುಂದ ಕೂತಳು. ಕೂತು ಬಡದ ರೊಟ್ಟಿ ಖರೇನೇ ತಿಳ್ಳಗ ಆಗಿದ್ವು. ಮುಸರ್ರತಬಾಯಿಗಿ ನನ್ನ ಕಡಿಂದ ಮಾಫಿ ಕೇಳು ಅಂತ ಅಕಿಗಿ ಹೇಳಿ ಕಳಿಸೇನಿ. ಅಮೀರ ಪಾಶಾ ಉಂಡು ಕೈ ತೊಳಕೊಂಡು, "ಮಾಮಾ, ಫಳಿ-ಕಟ್ಟಿ ಎಲ್ಲಾ ಮ್ಯಾಲ ಎತ್ತಿ ಕೊಡ್ತೀನಿ, ನಿಮ್ಮ ಬೆನ್ನು ಮುರೀತದ" ಅಂದ. "ಒಂದು ಬೆಲ್" ಅಂದೆ. ಅಂವಾ ತಿಳಕೊಂಡ. ಈ ಮನ್ಯಾಗ ನನಗ ಎಲ್ಲಾದಕ್ಕೂ ಬಾಗಬೇಕು. ಉಪ್ಪು ಬೇಕಂದ್ರ ಬಾಗಬೇಕು, ಹೊರಗ ನೋಡಬೇಕಂದ್ರ ಮಲಗಬೇಕು. ಇಲಾಖೆಯೊಳಗ ಸಾಹೇಬರಿಗೂ ಇಷ್ಟು ಬಾಗಿದ್ದಿಲ್ಲ ನಾ.

ಮಲಗಿದಲ್ಲಿಂದ ನಿನಗ ಬಂದವರ ಮಾರಿ ಕಾಣ್ತಿದ್ದಿಲ್ಲ, ಬರೇ ಕಾಲು ಕಾಣ್ತಿದ್ವು. ಕಾಲು ನೋಡೇ ಎಲ್ಲಾರ ಹಣೇಬರಾ ಹೇಳ್ತಿದ್ದಿ. "ಕುತುಬೋದ್ದೀನ ಭಾಯಿ ಚಪ್ಪಲಿ ಹರದಾವ, ಕೊಡಸ್ರಿ" ಅಂದಿದ್ದಿ. ಕೊಡಿಸೇನಿ. ಇವತ್ತು ಹಾಕ್ಕೊಂಡು ಬಂದಿದ್ದ. ಖಿಡಕಿ ಮುಂದ ಬಂದು, ಒಳಗಿಂದ ಚಪ್ಪಲಿ ಕಾಣೂವಂಗ ನಿಂತು, ಆಮ್ಯಾಲ ಒಳಗ ಬಂದ.

ಗ್ವಾಡಿ ಕೆಳಗಿನ ಕೆಮ್ಮಣ್ಣಿನ ಪಟ್ಟಿ ಹಂಗೇ ಅದ. ನೀ ಎಡಗೈಲೇ ಬಟ್ಟಿ ಅದ್ದಿ ಎಳೀತಿದ್ದಿ, ನಾ ಗಾದಿ ಜಗ್ಗಿ ಜಗ್ಗಿ ಮುಂದಕ ಒಯ್ತಿದ್ದೆ. "ಇದು ಎಲ್ಲಾ ಸ್ಟಾಪಿಗೂ ನಿಲ್ಲೂ ಆರ್ಡಿನರಿ ಗಾಡಿ" ಅಂದ್ರ ನೀ ನಗೂದು, ಕೆಮ್ಮು ಬರೂದು, ಪಟ್ಟಿ ಸೊಟ್ಟಾಗೂದು. ಅಡಗಿ ಕಟ್ಟಿ ಹಿಂದಿನಿಂದ ಹೊಂಟು ಮೂರು ಗ್ವಾಡಿ ತಿರಗಿದ್ವಿ. ಬಾಗಲದ ಮಗ್ಗಲಕ ಮೊಳದಷ್ಟು ಉಳದದ. ಅಲ್ಲಿ ಯಾರಿಗೂ ಕೈ ಹಚ್ಚಾಕ ಬಿಟ್ಟಿಲ್ಲ.

ಇನ್ನೊಂದು ಹೇಳಬೇಕು. ಅದಕ್ಕೇ ಬರೀಲಕ್ಕ ಕೂತೇನಿ.

ತೊಗರಿ ಕೊಯ್ಲಿಗಿ ಬಂದಾಗ ನಿನ್ನ ಬಿಟ್ಟು ಹೋಗಾಕ ನನ್ನ ಕಾಲು ಏಳಲಿಲ್ಲ. ನಿನ್ನ ದನಿ ಅಡಗಿತ್ತು, ನನ್ನ ಕಿವಿ ಮೊದಲೇ ಹೋಗಿದ್ವು. ನೀನೇ ಯುಕ್ತಿ ತಗದಿ. ಉಳದ ಸುತಳಿ ಉಂಡಿ ತರಿಸಿ, ಒಂದು ತುದಿ ನಿನ್ನ ಬೆರಳಿಗಿ ಸುತ್ತಿಸ್ಕೊಂಡಿ. ಖಿಡಕಿ ಹಾದು, ಹೊಲದಾಗ ಹಾದು, ಇನ್ನೊಂದು ತುದಿ ನನ್ನ ಉಡದಾರಕ್ಕ. ಬಾಜೂ ಹೊಲದವರು ನೋಡಿ, "ಕಾಕಾ, ಕಾಕಿ ನಿನಗ ದಾವ ಕಟ್ಟ್ಯಾಳೇನು?" ಅಂತ ಬಿದ್ದು ಬಿದ್ದು ನಕ್ರು. ನಕ್ಕೊಳ್ಳಲಿ. ಒಂದು ಸಲ ಜಗ್ಗಿದ್ರ ನಿಲ್ಲು, ಬಿಟ್ಟು ಬಾ. ಎರಡು ಸಲ ಜಗ್ಗಿದ್ರ ರೈಟ್, ನಾ ಆರಾಮ ಇದ್ದೀನಿ, ನಿಮ್ಮ ಕೆಲಸಾ ನಡೀಲಿ.

ನೀ ದಿನಾ ಎರಡೇ ಜಗ್ಗತಿದ್ದಿ.

ಅವತ್ತೂ ಎರಡು ಜಗ್ಗಿತು. ಸಾಲಿನ ನಡಬರಕ ಇದ್ದೆ. ಸಾಫ್ ಗೊತ್ತಾಯ್ತು, ಒಂದು, ಮತ್ತ ಒಂದು. ನಾ ತಿರಗಿ ಖಿಡಕಿ ಕಡಿ ಕೈ ಎತ್ತಿ, ಬಸ್ ಸ್ಟ್ಯಾಂಡಿನಾಗ ಒದರಿದಂಗ "ರೈಟ್, ರೈಟ್" ಅಂತ ಒದರಿ ಕುಡಗೋಲು ಹಚ್ಚಿದೆ. ಸಾಲು ಮುಗಿಸಿದೆ. ಬದುವಿನ ಮ್ಯಾಲ ಕೂತು ನೀರೂ ಕುಡದೆ. ಎಷ್ಟು ಒಳ್ಳೇ ಹೆಂಡ್ತಿ, ಕೆಲಸಕ್ಕ ಅಡ್ಡ ಬರಂಗಿಲ್ಲ ಅಂತ ಮನಸ್ಸಿನಾಗೇ ಹೊಗಳಿಕೊಂಡೆ ಸೈತ. ಖೋಲಿಗಿ ಬಂದಾಗ ಸುತಳಿ ನಿನ್ನ ಬೆರಳಾಗೇ ಇತ್ತು.

ಆ ಬೆಲ್ ನನ್ನ ಗಾಡಿಗಿ ಹೊಡದಿ ಅಂತ ತಿಳದೆ ನಾ. ನಿನ್ನ ಗಾಡಿಗಿ ಹೊಡಕೊಂಡಿದ್ದಿ.

ಭಾಲ್ಕಿ ಸ್ಟ್ಯಾಂಡಿನಿಂದ ಹೊಂಟ ಒಂದೊಂದು ಬಸ್ಸಿಗೂ ಮೈಕಿನಾಗ ಕೂಗಿ ಹೇಳಿ ಕಳಿಸಿದಂವಾ ನಾನು. ನಿನಗೂ ಕೈ ಎತ್ತಿ ರೈಟ್ ಅಂದೇನಿ. ನೀ ಅದನ್ನ ಖಿಡಕ್ಯಾಗಿಂದ ನೋಡಿದಿ ಇಲ್ಲೋ, ಅದೊಂದು ಗೊತ್ತಿಲ್ಲ.

ಸುತಳಿ ಬಿಚ್ಚಿಲ್ಲ. ನಿನ್ನ ಕಡೀ ತುದಿ ಖಿಡಕಿ ಸರಳಿಗಿ ಕಟ್ಟೇನಿ, ನನ್ನ ಕಡೀದು ಉಡದಾರದಾಗೇ ಅದ. ಹೊಲದಾಗಿದ್ದಾಗ ಗಾಳಿ ಬೀಸಿದ್ರ ಒಮ್ಮೊಮ್ಮಿ ಜಗ್ಗತದ. ಒಂದೇ ಸಲ.

ಕುಡಗೋಲು ಅಲ್ಲೇ ಇಟ್ಟು ಬರ್ತೇನಿ.

ನಿನ್ನ
ಕಂಟ್ರೋಲರ್